ಬಾಲವಿಲ್ಲದ ಚಿಂದಿ

ಊರವರು ಅವಳನ್ನು ಕರೆಯುತ್ತಿದ್ದದ್ದು ಪಂಪಕ್ಕ ಎಂದು. ನೀರೆತ್ತುವ ಪಂಪು, ಲಾರಿಯ ಡೀಸೆಲ್ ಪಂಪು, ಸೀಮೆಎಣ್ಣೆ ಸ್ಟೋವಿನ ಪಂಪು, ಯಾವುದು ಮುನಿಸಿಕೊಂಡರೂ ಕೊನೆಗೆ ಅವಳ ತಗಡಿನ ಶೆಡ್ಡಿಗೇ ಬರಬೇಕಿತ್ತು. ಐವತ್ತು ತುಂಬಿದ, ಗಟ್ಟಿ ಮೈಕಟ್ಟಿನ ಹೆಂಗಸು. ಅವಳ ಉಗುರಿನ ಸಂದಿಯ ಮಸಿ ಮದುವೆಯ ದಿನವೂ ಹೋಗಿರಲಿಲ್ಲ ಎಂದು ಗಂಡ ಈಗಲೂ ಹೇಳಿಕೊಂಡು ನಗುತ್ತಿದ್ದ. ಅವನು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಯಂತ್ರ, ಹಿಂದಿನ ಅಂಗಳದಲ್ಲಿ ಅವಳ ಶೆಡ್ಡು. ಶಾಲೆಯ ಸಮವಸ್ತ್ರದ ಬಿಳಿ ಅಂಗಿಗಳನ್ನು ಹೊಲಿಯುವ ದಿನಗಳಲ್ಲಿ ಅವಳು ಮುಂದಿನ ಕೋಣೆಗೆ ಕಾಲಿಡುವಂತಿರಲಿಲ್ಲ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮನೇಲಿ ನಿನ್ನ ಕೈ ಕೆಸರಾದ್ರೆ ನನ್ನ ಗಿರಾಕಿ ಅಂಗಿ ಕೆಸರು" ಎನ್ನುತ್ತಿದ್ದ.

ಆ ಮನೆಯಲ್ಲಿ ಮೂರನೆಯವಳು ಅವಳ ತಾಯಿ. ಎಪ್ಪತ್ತೈದರ ಮುದುಕಿ, ಮಂಡಿ ಸೋತಿದ್ದರೂ ನಾಲಗೆ ಸೋತಿರಲಿಲ್ಲ. ಬಂದವರನ್ನು ಕೂರಿಸಿಕೊಂಡು ಹೇಳುವ ಕಥೆಯೊಂದು ಅವಳ ಬಳಿ ಇತ್ತು. ಅದು ಸತ್ತ ಗಂಡನ ಕಥೆ. ಪಂಪು ರಿಪೇರಿಗೆ ತಂದವರು, ಪ್ಯಾಂಟಿನ ಅಳತೆ ಕೊಡಲು ಬಂದವರು, ಅಂಚೆಯವನು, ಯಾರೂ ಅದನ್ನು ಕೇಳದೆ ಹೋಗುವಂತಿರಲಿಲ್ಲ.

ಮುದುಕಿಯ ಗಂಡ ಸೇನೆಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಅದು ಯುದ್ಧದ ವರ್ಷ. ಅವನು ರಿಪೇರಿ ಮಾಡಿ ಕಳಿಸಿದ ಕವಚದ ಗಾಡಿಯೊಂದು ನಾಲ್ಕನೆಯ ದಿನ ಸೇತುವೆಯ ಏರಿನಲ್ಲಿ ನಿಂತುಬಿಟ್ಟಿತು. ಎದುರು ದಂಡೆಯಿಂದ ಗುಂಡು ಹಾರುತ್ತಿತ್ತು. ಗಾಡಿಯೊಳಗಿದ್ದ ಮೂವರಲ್ಲಿ ಇಬ್ಬರು ಸತ್ತರು. ಎರಡೇ ದಿನದಲ್ಲಿ ವಿಚಾರಣೆ ಮುಗಿಯಿತು. ಎಂಜಿನ್ ಬಿಚ್ಚಿ ನೋಡುವ ಗೋಜಿಗೇ ಯಾರೂ ಹೋಗಲಿಲ್ಲ. ರಿಪೇರಿ ಚೀಟಿಯ ಮೇಲೆ ಕೊನೆಯ ಸಹಿ ಯಾರದು? ಫಿಟ್ಟರನದು. ಹಾಗಾದರೆ ತಪ್ಪೂ ಅವನದೇ. ಕೆಲಸ ಹೋಯಿತು. ವಸತಿಗೃಹ ಖಾಲಿ ಮಾಡಿ ಎಂದರು. ಮೂರು ತಿಂಗಳ ಕೂಸನ್ನೆತ್ತಿಕೊಂಡು ಗಂಡಹೆಂಡತಿ ಊರಿನ ಇನ್ನೊಂದು ತುದಿಯ ಈ ಮನೆಗೆ ಬಂದರು. "ಪೆಟ್ರೋಲಿಗೆ ನೀರು ಬೆರೆಸಿ ಮಾರ್ಕೊಂಡೋರು ದೊಡ್ಡೋರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರು" ಎಂದು ಮುದುಕಿ ಕಥೆ ಮುಗಿಸುತ್ತಿದ್ದಳು. ಐವತ್ತು ವರ್ಷದಲ್ಲಿ ಆ ಮಾತಿನ ಒಂದಕ್ಷರವೂ ಬದಲಾಗಿರಲಿಲ್ಲ.

ಆ ಕೂಸೇ ಪಂಪಕ್ಕ. ಶಾಲೆಯಲ್ಲಿ ಅವಳಿಗೆ ಬೇರೊಂದು ಹೆಸರಿತ್ತು: ಹೆಣದ ಫಿಟ್ಟರನ ಮಗಳು. ಹಾಗೆಂದವರ ಕೂದಲು ಹಿಡಿದು ಜಗಳವಾಡಿ, ಅಂಗಿ ಹರಿದುಕೊಂಡು ಮನೆಗೆ ಬರುತ್ತಿದ್ದಳು. ಅಪ್ಪ ಏನೂ ಕೇಳುತ್ತಿರಲಿಲ್ಲ. ಸೂಜಿದಾರ ತಂದು ಹರಿದದ್ದನ್ನು ತಾನೇ ಹೊಲಿದುಕೊಡುತ್ತಿದ್ದ. ಅಮ್ಮ ಕಥೆ ಶುರು ಮಾಡಿದಳೆಂದರೆ ಅವನು ಎದ್ದು ಶೆಡ್ಡಿಗೆ ಹೋಗಿಬಿಡುತ್ತಿದ್ದ. ಮರ್ಯಾದಸ್ಥ, ತನ್ನ ಸಂಕಟ ತಾನು ನುಂಗಿಕೊಳ್ಳುವವನು ಎಂದು ತಾಯಿಮಗಳು ಅಂದುಕೊಂಡಿದ್ದರು.

ಕೆಲಸವನ್ನು ಮಗಳಿಗೆ ಕಲಿಸಿದ್ದು ಅವನೇ. ಬೈದವನಲ್ಲ, ದನಿ ಏರಿಸಿದವನೂ ಅಲ್ಲ. ಕೈಯೆತ್ತಿದ್ದು ಒಂದೇ ಸಲ. ಆಗ ಅವಳಿಗೆ ಹದಿನಾಲ್ಕು. ಒಂದು ಎಂಜಿನ್ನಿನ ಪೈಪು ಬಿಚ್ಚಿ, ಒಳಗೆ ಧೂಳು ಹೋಗದಿರಲೆಂದು ಅದರ ಬಾಯಿಗೆ ಚಿಂದಿ ತುರುಕಿ ಇಟ್ಟಿದ್ದಳು. ಯಾರಾದರೂ ಮಾಡುವ ಕೆಲಸವೇ. ಅಪ್ಪ ಬಂದ, ನೋಡಿದ, ಕೆನ್ನೆಗೆ ಬಾರಿಸಿದ. ಅವಳು ಅಳುವುದನ್ನೂ ಮರೆತು ನಿಂತಳು. ಅವನೇ ಚಿಂದಿಯನ್ನು ಎಳೆದು ತೆಗೆದು, ಅದಕ್ಕೊಂದು ಮೊಳ ಕೆಂಪು ದಾರ ಕಟ್ಟಿ, ಮತ್ತೆ ಪೈಪಿಗೆ ತುರುಕಿ, ದಾರವನ್ನು ಹೊರಗೆ ಇಳಿಬಿಟ್ಟ. "ಚಿಂದಿಗೆ ಬಾಲ ಇರಬೇಕು. ಬಾಲ ಇಲ್ಲದ ಚಿಂದೀನ ಪೈಪಿಗೆ ಹಾಕಬೇಡ. ಯಾವತ್ತೂ ಹಾಕಬೇಡ" ಎಂದ. ಆ ದಿನವೆಲ್ಲ ಮತ್ತೆ ಮಾತಾಡಲಿಲ್ಲ. ಕೆಲಸದಲ್ಲಿ ಕಟ್ಟುನಿಟ್ಟಿನ ಮನುಷ್ಯ ಎಂದುಕೊಂಡಳು ಮಗಳು. ಅಂದಿನಿಂದ ಅವಳ ಶೆಡ್ಡಿನ ಒಂದೊಂದು ಚಿಂದಿಗೂ ಕೆಂಪು ಬಾಲ. ಅವಳಿಗೆ ಮೂವತ್ತೊಂದಾಗಿದ್ದಾಗ ಅಪ್ಪ ಎದೆರೋಗದಿಂದ ಸತ್ತ.

ಊರ ಹೊರಗಿನ ಹಳೆಯ ಸೇನಾ ಕಟ್ಟಡ ಮ್ಯೂಸಿಯಂ ಆಗಿತ್ತು. ಅದರ ಮುಂದೆ ಕಲ್ಲಿನ ಕಟ್ಟೆಯ ಮೇಲೆ ಅದೇ ಗಾಡಿಯನ್ನು ನಿಲ್ಲಿಸಿದ್ದರು. ನಾಲ್ಕು ಚಕ್ರ, ಮೇಲೆ ಉಕ್ಕಿನ ಚಿಪ್ಪು, ಚಿಪ್ಪಿನಿಂದ ಚಾಚಿದ ಬಂದೂಕಿನ ನಳಿಗೆ. ಮಕ್ಕಳು ಅದನ್ನು ಆಮೆ ಎಂದು ಕರೆದು ಹತ್ತಿ ಆಡುತ್ತಿದ್ದರು. ಪಂಪಕ್ಕ ಆ ಕಡೆ ಹೋಗಬೇಕಾದಾಗಲೆಲ್ಲ ಅರ್ಧ ಮೈಲಿ ಸುತ್ತಿ ಬೇರೆ ರಸ್ತೆ ಹಿಡಿಯುತ್ತಿದ್ದಳು.

ಒಂದು ಬೆಳಿಗ್ಗೆ ಮ್ಯೂಸಿಯಮ್ಮಿನ ಮೇಲ್ವಿಚಾರಕ ಅವಳ ಶೆಡ್ಡಿಗೇ ಬಂದ. ದುಂಡಗಿನ, ಬೆವರುವ ಮನುಷ್ಯ. ಎರಡು ವರ್ಷದ ಹಿಂದೆ ಬೇರೆಲ್ಲಿಂದಲೋ ವರ್ಗವಾಗಿ ಬಂದವನು. ಸೇತುವೆಯ ಕದನಕ್ಕೆ ಐವತ್ತು ತುಂಬುತ್ತಿದೆ, ಆ ದಿನ ಗಾಡಿ ತನ್ನ ಎಂಜಿನ್ನಿನಿಂದಲೇ ನಾಲ್ಕು ಮಾರು ಓಡಬೇಕು ಎಂದು ಮೇಲಿನವರ ಆಸೆ. ನಗರದಿಂದ ಬಂದ ಎಂಜಿನಿಯರುಗಳು ನೋಡಿ, ಹೊಸ ಎಂಜಿನ್ ಕೂರಿಸಿ ಎಂದು ಹೇಳಿ ಹೋಗಿದ್ದರು.

"ಹೊಸದು ಕೂರಿಸಿದ್ರೆ ಅದು ನಾಟಕ ಆಗುತ್ತೆ, ಅಕ್ಕ. ಆ ಕಾಲದ ಎಂಜಿನ್ ಮುಟ್ಟೋರು ನಿಮ್ಮನ್ನ ಬಿಟ್ರೆ ಯಾರೂ ಇಲ್ಲ ಅಂತಾರೆ" ಎಂದ. ಅವಳು ಯಾರ ಮಗಳೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಾಳೆ ಹೇಳುತ್ತೇನೆ ಎಂದಳು. ಅವನು ಗೇಟು ದಾಟುವ ಮೊದಲೇ ಒಳಗಿನಿಂದ ಮುದುಕಿಯ ದನಿ ಬಂತು. "ನಾಳೆ ಯಾಕೆ? ಇವತ್ತೇ ಒಪ್ಕೊ. ಬಿಚ್ಚು, ಒಂದೊಂದೇ ಬಿಚ್ಚು. ಟ್ಯಾಂಕಲ್ಲಿ ನೀರಿನ ಗುರುತು ಸಿಕ್ಕೇ ಸಿಗುತ್ತೆ. ಸಿಕ್ಕಿದ ದಿನ ಪೇಪರಲ್ಲಿ ಹಾಕಿಸು. ನಾನು ಕಣ್ಣು ಮುಚ್ಚೋದ್ರೊಳಗೆ ಆಗಬೇಕು."

ದರ್ಜಿ ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತದೆ ಹೇಳಿದ. "ಹಳೇ ಹೊಲಿಗೆ ಬಿಚ್ಚೋವಾಗ ಬಟ್ಟೇನೂ ಹರಿಯುತ್ತೆ. ನೋಡ್ಕೊಂಡು ಮಾಡು."

ಅವಳು ಒಪ್ಪಿಕೊಂಡಳು.

ಕ್ರೇನಿನಿಂದ ಇಳಿಸಿದ ಗಾಡಿಯನ್ನು ಮ್ಯೂಸಿಯಮ್ಮಿನ ಹಿಂದಿನ ಗೋದಾಮಿಗೆ ಎಳೆದು ತಂದಿದ್ದರು. ಎಂಜಿನ್ ಇದ್ದದ್ದು ಹಿಂಬದಿಯಲ್ಲಿ. ಅದರ ಮೇಲಿನ ಉಕ್ಕಿನ ಮುಚ್ಚಳ ತೆಗೆಯಲು ಇಬ್ಬರು ಕಾವಲುಗಾರರು ಕೈ ಹಚ್ಚಬೇಕಾಯಿತು. ಒಳಗೆ ಹಕ್ಕಿಗೂಡು, ಇಲಿ ಹಿಕ್ಕೆ, ಐವತ್ತು ವರ್ಷದ ಎಲೆಕಸ. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಕಲ್ಲಿನ ಹಾಗೆ ಬಿಗಿದು ಕೂತಿತ್ತು. ಅವಳು ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್ಲಿಗೆ ಎಂಜಿನ್ ಎಣ್ಣೆ ಬೆರೆಸಿ ಸುರಿದು, ಎಂಟು ದಿನ ಹಾಗೇ ಬಿಟ್ಟಳು. ಒಂಬತ್ತನೆಯ ದಿನ ತಿರುಗಿಸುವ ಹ್ಯಾಂಡಲ್ಲಿಗೆ ಉದ್ದದ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿದಾಗ ಒಳಗಡೆ ಏನೋ ಕಿರ್ರೆಂದಿತು. ಎಂಜಿನ್ ಒಂದು ಬೆರಳಿನಷ್ಟು ತಿರುಗಿತು. ಅಷ್ಟು ಸಾಕಿತ್ತು. ಹಿಂದಕ್ಕೆ ಬೆರಳು, ಮುಂದಕ್ಕೆ ಬೆರಳು ಎಂದು ಮೂರು ದಿನ ತಿರುಗಿಸಿದ ಮೇಲೆ ಅದು ಪೂರ್ತಿ ಒಂದು ಸುತ್ತು ಬಂತು. ತಳದಿಂದ ಇಳಿಸಿದ ಹಳೆಯ ಎಣ್ಣೆ ಡಾಂಬರಿನಂತೆ ಡಬ್ಬಿಗೆ ತೊಪ್ಪೆಂದು ಬಿತ್ತು.

ಯಾವ ಗುಂಡಿ ಯಾವುದಕ್ಕೆ, ಯಾವ ಹಿಡಿಕೆ ಎತ್ತ ಎಂದು ಹೇಳಲು ಮೇಲ್ವಿಚಾರಕ ಒಬ್ಬ ಮುದುಕನನ್ನು ಕರೆತಂದ. ಸೇತುವೆಯಿಂದ ಬದುಕಿ ಬಂದ ಮೂರನೆಯವನು, ಗಾಡಿಯ ಡ್ರೈವರ್. ಎಲ್ಲರೂ ಅವನನ್ನು ಡ್ರೈವರಜ್ಜ ಎನ್ನುತ್ತಿದ್ದರು. ಆ ದಿನದ ನಂತರ ಅವನು ಸೈಕಲ್ಲಿನ ಹ್ಯಾಂಡಲನ್ನೂ ಮುಟ್ಟಿದವನಲ್ಲ. ಮೂವತ್ತು ವರ್ಷ ಸಿನಿಮಾ ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೆಟ್ ಹರಿದುಕೊಟ್ಟಿದ್ದ. ಮದುವೆಯಾಗಿರಲಿಲ್ಲ. ದಿನಾ ಹತ್ತು ಗಂಟೆಗೆ ನಡೆದುಕೊಂಡು ಬಂದು, ಗೋದಾಮಿನ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಗಾಡಿಯಿಂದ ಹತ್ತಡಿ ದೂರ; ಒಂದಡಿಯೂ ಹತ್ತಿರ ಬರುತ್ತಿರಲಿಲ್ಲ.

ತಾನು ಯಾರೆಂದು ಪಂಪಕ್ಕ ಅವನಿಗೆ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಆದರೆ ಒಂದು ದಿನ, ತಲೆ ಎಂಜಿನ್ನಿನೊಳಗೇ ಇರುವಾಗ, ಕೇಳಿಯೇಬಿಟ್ಟಳು.

"ಅಜ್ಜ, ಅವತ್ತು ಅದು ಹೇಗೆ ನಿಂತಿತು?"

"ಸಪಾಟು ರಸ್ತೇಲಿ ಚೆನ್ನಾಗೇ ಓಡ್ತಿತ್ತು. ಏರು ಹತ್ತೋವಾಗ ಎರಡು ಸಲ ಕೆಮ್ಮಿತು. ಮೂರನೇ ಸಲಕ್ಕೆ ನಿಂತೇಹೋಯ್ತು. ಸ್ಟಾರ್ಟರ್ ಒತ್ತಿ ಒತ್ತಿ ನಾನೇ ಬ್ಯಾಟರಿ ಮುಗಿಸಿಬಿಟ್ಟೆ. ಆಮೇಲೆ ಹ್ಯಾಂಡಲ್ಲೇ ಗತಿ. ಹ್ಯಾಂಡಲ್ ಇರೋದು ಹಿಂದೆ, ಹೊರಗೆ."

"ಯಾರು ಇಳಿದ್ರು?"

"ಮೊದಲು ನಮ್ಮ ನಾಯಕರು. ಮೂರು ಸುತ್ತು ತಿರುಗಿಸಿದ್ದು ಕೇಳಿಸ್ತು. ಆಮೇಲೆ ಕೇಳಿಸಲಿಲ್ಲ. ಆಮೇಲೆ ಗನ್ನರ್ ಇಳಿದ. ಹತ್ತೊಂಬತ್ತು ವರ್ಷದ ಹುಡುಗ. ಎರಡು ಸುತ್ತು." ಅವನು ಮಂಡಿಯ ಮೇಲಿನ ಧೂಳು ಕೊಡವಿಕೊಂಡ. "ಕತ್ತಲಾಗೋವರೆಗೂ ನಾನೊಬ್ಬನೇ ಒಳಗೆ ಕೂತಿದ್ದೆ. ನಾನೇ ಪೆಟ್ರೋಲು ಜಾಸ್ತಿ ಕುಡಿಸಿ ಎಂಜಿನ್ ಉಸಿರು ಕಟ್ಟಿಸಿದೆ ಅಂದ್ರು ಕೆಲವರು. ಇರಬಹುದು. ಫಿಟ್ಟರ್ ತಪ್ಪು ಅಂತ ಕಾಗದದಲ್ಲಿ ಬರೆದ್ರು. ಅದೂ ಇರಬಹುದು. ಯಾರಿಗೆ ಗೊತ್ತು?"

ಮರುದಿನ ಅವಳು ಪೆಟ್ರೋಲ್ ಟ್ಯಾಂಕು ಇಳಿಸಿದಳು. ತಳದಲ್ಲಿ ಅಂಗೈ ಅಗಲದ ತುಕ್ಕಿನ ಮಡು. ನೀರು ನಿಂತ ಕಡೆಯೇ ತುಕ್ಕು ಹಾಗೆ ಕಚ್ಚುವುದು. ಐವತ್ತು ವರ್ಷ ಬಯಲಲ್ಲಿ ನಿಂತ ಟ್ಯಾಂಕಿಗೆ ಮಳೆಯ ನೀರು ಇಳಿದಿರಬಹುದೆಂದು ಅವಳೊಳಗಿನ ಮೆಕ್ಯಾನಿಕ್ ಹೇಳುತ್ತಿದ್ದಳು, ಮಗಳು ಕೇಳಿಸಿಕೊಳ್ಳಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದವಳು ತಡೆಯಲಾರದೆ ಅಮ್ಮನಿಗೆ ಹೇಳಿಬಿಟ್ಟಳು. ಮುದುಕಿ ಅನ್ನದ ತಟ್ಟೆ ಪಕ್ಕಕ್ಕಿಟ್ಟು ಎರಡೂ ಕೈಯಲ್ಲಿ ಮಗಳ ಮಸಿಗೈ ಹಿಡಿದು, "ನಾನು ಹೇಳಿರಲಿಲ್ವಾ, ನಾನು ಹೇಳಿರಲಿಲ್ವಾ" ಎಂದು ಅತ್ತಳು. ಸಂಜೆಯೊಳಗೆ ಬೀದಿಯ ನಾಲ್ಕು ಮನೆಗೆ ಸುದ್ದಿ ಮುಟ್ಟಿತು.

ನಾಲ್ಕು ದಿನ ಆ ಮನೆಯಲ್ಲಿ ಬೆಳಕಿತ್ತು. ಐದನೆಯ ದಿನ ಅವಳು ಟ್ಯಾಂಕಿನಿಂದ ಪಂಪಿಗೆ ಹೋಗುವ ತಾಮ್ರದ ಪೈಪು ಬಿಚ್ಚಿ ಬಾಯಿಟ್ಟು ಊದಿದಳು. ಗಾಳಿ ಹೋಗಲಿಲ್ಲ. ಕೆನ್ನೆ ಉಬ್ಬಿಸಿ ಮತ್ತೆ ಊದಿದಳು, ಇಲ್ಲ. ಜೇಡನೋ ಕಣಜವೋ ಗೂಡು ಕಟ್ಟಿರಬೇಕೆಂದುಕೊಂಡು, ಹಳೆಯ ಬ್ರೇಕಿನ ತಂತಿಯ ತುದಿ ಕೊಕ್ಕೆಯಂತೆ ಬಾಗಿಸಿ ಒಳಕ್ಕೆ ತೂರಿಸಿದಳು. ಪೈಪು ಬಾಗುವ ಮೂಲೆಯಲ್ಲಿ ತಂತಿ ಮೆತ್ತಗಿನದೇನಕ್ಕೋ ತಾಗಿತು. ತಿರುಗಿಸಿ, ಸಿಕ್ಕಿಸಿ, ಎಳೆದಳು.

ಬಂದದ್ದು ಹೆಬ್ಬೆರಳ ಗಾತ್ರದ ಕಂದು ಉಂಡೆ. ಮಗ್ಗಿನಲ್ಲಿ ಪೆಟ್ರೋಲು ಹಾಕಿ ಅದರಲ್ಲಿ ನೆನೆಸಿಟ್ಟಳು. ಅಂಟು ಬಿಟ್ಟಂತೆಲ್ಲ ಅದು ನಿಧಾನಕ್ಕೆ ಅರಳಿತು. ಅಂಗೈಯುದ್ದದ ಬಟ್ಟೆಯ ತುಂಡು. ಅದಕ್ಕೆ ಬಾಲ ಇರಲಿಲ್ಲ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಬಿಡಿಸಿ ಹೇಳುವವರು ಬೇಕಿರಲಿಲ್ಲ. ಟ್ಯಾಂಕು ಇಳಿಸಿದಾಗ ಅಪ್ಪ ಪೈಪಿನ ಬಾಯಿಗೆ ಚಿಂದಿ ತುರುಕಿದ್ದಾನೆ, ತೆಗೆಯುವುದನ್ನು ಮರೆತು ಜೋಡಿಸಿದ್ದಾನೆ. ಸಪಾಟಿನಲ್ಲಿ ಬಟ್ಟೆಯ ಎಳೆಯೊಳಗಿಂದ ಬೇಕಾದಷ್ಟು ಪೆಟ್ರೋಲು ಸೋಸಿ ಬಂದಿದೆ. ಏರಿನಲ್ಲಿ ಎಂಜಿನ್ ಹೆಚ್ಚು ಎಳೆದಂತೆ ಚಿಂದಿಯೂ ಎಳೆದುಕೊಂಡು ಬಂದು ಮೂಲೆಯಲ್ಲಿ ಬಿರಡೆಯಾಗಿದೆ. ಆಮೇಲೆ ಹನಿಯೂ ಇಲ್ಲ. ಕೆನ್ನೆಯ ಮೇಲಿನ ಆ ಒಂದು ಏಟು ನೆನಪಾಯಿತು. ಅಪ್ಪನಿಗೆ ಗೊತ್ತಿತ್ತೋ, ಬರೀ ಅನುಮಾನವಿತ್ತೋ? ಚಿಂದಿ ತೆಗೆದೆನೋ ಇಲ್ಲವೋ ಎಂದು ಅವನು ಎಷ್ಟು ವರ್ಷ ತನ್ನನ್ನೇ ಕೇಳಿಕೊಂಡಿರಬೇಕು? ಕೇಳೋಣವೆಂದರೆ ಅವನಿಲ್ಲ.

ಮನೆಗೆ ಹೋಗಿ, ಕೈಯನ್ನೂ ತೊಳೆಯದೆ, ಬಟ್ಟೆಯನ್ನು ಗಂಡನ ಮೇಜಿನ ಮೇಲಿಟ್ಟಳು. ಬಿಳಿ ಅಂಗಿಗಳ ರಾಶಿ ಪಕ್ಕದಲ್ಲೇ ಇದ್ದರೂ ಅವನು ಅಂದು ಏನೂ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡು, ತುಂಡನ್ನು ಬೆಳಕಿಗೆ ಹಿಡಿದ, ಉಗುರಿನಿಂದ ಎಳೆ ಬಿಡಿಸಿದ.

"ಫ್ಲಾನೆಲ್ಲು. ತೆಳುವಾದ್ದು. ಹಸುಗೂಸಿಗೆ ಹೊಲಿಯೋ ಬಟ್ಟೆ. ಅಂಚಿನ ಹೊಲಿಗೆ ಕೈಯಲ್ಲಿ ಹಾಕಿದ್ದು, ಮನೆಹೊಲಿಗೆ. ಎಲ್ಲಿ ಸಿಕ್ತು?"

ಹೇಳಿದಳು. ಅವನು ಕನ್ನಡಕ ತೆಗೆದು, ಎದ್ದು ಹೋಗಿ ಹೊರಬಾಗಿಲು ಹಾಕಿ ಬಂದ. ಯಂತ್ರದ ಸದ್ದು ನಿಂತದ್ದನ್ನು ಕೇಳಿ ಮುದುಕಿ ಗೋಡೆ ಹಿಡಿದುಕೊಂಡು ಆಗಲೇ ಬಂದಿದ್ದಳು. ಮುಚ್ಚಿಡುವ ಉಪಾಯ ಪಂಪಕ್ಕನಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಾಲ್ಕು ದಿನದ ಹಿಂದಿನ ಆ ಅಳು ನೋಡಿದ ಮೇಲೆ ಇನ್ನೊಂದು ಸುಳ್ಳಿನ ಭಾರ ಹೊರಿಸುವುದು ಅವಳಿಂದ ಆಗುತ್ತಿರಲಿಲ್ಲ.

ಮುದುಕಿ ಬಟ್ಟೆಯನ್ನು ಮುಟ್ಟದೆ ನೋಡಿದಳು. "ಇದು ನಮ್ಮನೇದಲ್ಲ" ಎಂದಳು. "ನಮ್ಮನೇಲಿ ಇಂಥ ಬಟ್ಟೆ ಇರಲೇ ಇಲ್ಲ. ಬೇರೆ ಯಾರೋ ತುರುಕಿದ್ದು. ಹಾಳು ಮಾಡಬೇಕು ಅಂತಲೇ ತುರುಕಿದ್ದು."

"ಅಮ್ಮಾ..."

"ನಮ್ಮನೇದಲ್ಲ ಅಂದ್ನಲ್ಲ!"

ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಂದಿನಿಂದ ಮುದುಕಿ ಕಥೆ ಹೇಳುವುದನ್ನು ಬಿಟ್ಟಳು. ಅಂಚೆಯವನು ಬಂದ, ಪತ್ರ ಕೊಟ್ಟು ಸ್ವಲ್ಪ ಹೊತ್ತು ಕಾದು ನಿಂತ, ಹೋದ.

ಮರುದಿನ ಹತ್ತು ಗಂಟೆಗೆ ಡ್ರೈವರಜ್ಜ ಬಂದು ಸ್ಟೂಲಿನ ಮೇಲೆ ಕೂತಾಗ ಪಂಪಕ್ಕ ಬಟ್ಟೆ ಹಿಡಿದುಕೊಂಡು ಅವನೆದುರು ನೆಲದಲ್ಲಿ ಕೂತಳು. ಈ ಮನುಷ್ಯ ತಾನೇ ಎಂಜಿನ್ ಕೆಡಿಸಿದೆನೆಂಬ ಅನುಮಾನ ಹೊತ್ತು ಅರ್ಧ ಶತಮಾನ ಕಳೆದಿದ್ದಾನೆ; ಅಪ್ಪನ ಹೆಸರಿಗೆ ಏನಾದರೂ ಆಗಲಿ, ಇವನ ಹೊರೆಯನ್ನಾದರೂ ಇಳಿಸಬೇಕು ಎಂದು ಅವಳು ಎಣಿಸಿದ್ದಳು. ಮೊದಲು ತಾನು ಯಾರ ಮಗಳೆಂದು ಹೇಳಿದಳು. ಆಮೇಲೆ ಪೈಪಿನಲ್ಲಿ ಸಿಕ್ಕಿದ್ದನ್ನು ಹೇಳಿದಳು.

"ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ, ಅಜ್ಜ. ನಮ್ಮಪ್ಪಂದು."

ಅವನು ಬಟ್ಟೆಯನ್ನೇ ನೋಡುತ್ತಿದ್ದ. "ಹಾಗಾದ್ರೆ ಹ್ಯಾಂಡಲ್ ತಿರುಗಿಸಿದ್ರೂ ಎಂಜಿನ್ ಹತ್ತುತ್ತಿರಲಿಲ್ಲ?"

"ಇಲ್ಲ."

"ನೂರು ಸಲ ತಿರುಗಿಸಿದ್ರೂ?"

"ನೂರು ಸಲ ತಿರುಗಿಸಿದ್ರೂ ಹತ್ತುತ್ತಿರಲಿಲ್ಲ, ಅಜ್ಜ. ಪೆಟ್ರೋಲೇ ಹೋಗ್ತಿರಲಿಲ್ಲ."

ಮುದುಕನ ಮುಖ ಹಗುರಾಗಲಿಲ್ಲ. ಬಣ್ಣವೆಲ್ಲ ಇಳಿದು ಬೂದಿಯಂತಾಯಿತು.

"ಆ ಹುಡುಗ ಇಳಿಯಲ್ಲ ಅಂದ" ಎಂದ. "ನಾಯಕರು ಬಿದ್ದದ್ದು ಅವನು ಕಿಂಡೀಲಿ ನೋಡಿದ್ದ. ನಾನು ಬೈದೆ. ಹೇಡಿ ಅಂದೆ. ನೀನು ತಿರುಗಿಸು, ನಾನು ಪೆಡಲ್ ಒತ್ತೀನಿ, ಇನ್ನೆರಡು ಸುತ್ತಿಗೆ ಹತ್ತುತ್ತೆ ಅಂದೆ. ನಂಬಿ ಇಳಿದ. ಐವತ್ತು ವರ್ಷ ನಾನು ಏನಂದುಕೊಂಡಿದ್ದೆ ಗೊತ್ತಾ, ತಾಯಿ? ಇನ್ನೊಂದೇ ಒಂದು ಸುತ್ತು ಸಿಕ್ಕಿದ್ರೆ ಹತ್ತಿರೋದು ಅಂತ. ಕಳಿಸಿದ್ದು ಸರಿಯೇ, ಹಣೆಬರಹ ಸರಿಯಿರಲಿಲ್ಲ ಅಂತ. ಅದೊಂದು ಹುಲ್ಲುಕಡ್ಡಿ ಹಿಡ್ಕೊಂಡು ತೇಲ್ತಿದ್ದೆ. ಅದನ್ನೂ ಕಿತ್ಕೊಂಡೆಯಲ್ಲ."

ಅವನು ಗೋಡೆ ಹಿಡಿದು ಎದ್ದು ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಕೆಲಸ ಮಾತ್ರ ನಿಲ್ಲಲಿಲ್ಲ. ಟ್ಯಾಂಕಿನೊಳಗೆ ಜಲ್ಲಿ ಹಾಕಿ ಕುಲುಕಿ ತುಕ್ಕು ಉದುರಿಸಿದಳು, ಹೊಸ ಪೈಪು ಬಾಗಿಸಿ ಕೂರಿಸಿದಳು, ಕಾರ್ಬುರೇಟರ್ ಬಿಚ್ಚಿ ಒಂದೊಂದು ತೂತನ್ನೂ ಕುದುರೆ ಕೂದಲಿನಂಥ ತಂತಿಯಿಂದ ಬಿಡಿಸಿದಳು. ಕೈಗಳಿಗೆ ಅವುಗಳ ಪಾಡಿಗೆ ಕೆಲಸ ಗೊತ್ತಿತ್ತು. ಕಿಡಿ ಬರುವುದು ಖಾತ್ರಿಯಾದ ದಿನ, ಮೇಲ್ವಿಚಾರಕ ಮತ್ತು ಇಬ್ಬರು ಕಾವಲುಗಾರರ ಎದುರು ಸ್ಟಾರ್ಟರ್ ಒತ್ತಿದಳು. ಎಂಜಿನ್ ನರಳಿತು, ನಿಂತಿತು. ಮತ್ತೆ ಒತ್ತಿದಳು. ಒಂದು ಸಿಲಿಂಡರ್ ಸಿಡಿಯಿತು, ಇನ್ನೊಂದು ಉತ್ತರ ಕೊಟ್ಟಿತು, ಕೊಳವೆಯಿಂದ ಕಪ್ಪು ಹೊಗೆಯ ಜೊತೆ ಇಲಿಗೂಡಿನ ನಾರು ಹಾರಿಬಂತು. ಆಮೇಲೆ ಆರೂ ಸೇರಿ ಗೋದಾಮಿನ ತಗಡೆಲ್ಲ ನಡುಗುವಂತೆ ಗುಡುಗಿದವು. ಕಾವಲುಗಾರರು ಕೂಗಿ ಕುಣಿದರು. ಮೇಲ್ವಿಚಾರಕ ಅವಳ ಕೈ ಕುಲುಕಿ, ಮಸಿಯಾದ ತನ್ನ ಅಂಗೈ ನೋಡಿಕೊಂಡು ನಕ್ಕ. ಅವಳು ಎಂಜಿನ್ನಿನ ದನಿ ಕೇಳುತ್ತಿದ್ದಳು. ದೋಷವಿರಲಿಲ್ಲ. ಅಪ್ಪ ಬಿಗಿದ ಒಂದು ಬೋಲ್ಟೂ ಸಡಿಲವಾಗಿರಲಿಲ್ಲ. ಉಳಿದೆಲ್ಲ ಕೆಲಸವನ್ನು ಅವನು ಚೊಕ್ಕವಾಗಿ ಮಾಡಿದ್ದ.

ಗಾಡಿ ನಿಂತ ಕಾರಣವನ್ನು, ಆ ಫಿಟ್ಟರ್ ತನ್ನ ಅಪ್ಪನೆಂಬುದನ್ನೂ ಸೇರಿಸಿ, ಅವಳು ಒಂದು ಹಾಳೆಯಲ್ಲಿ ಬರೆದು, ಚಿಂದಿಯನ್ನೂ ಅದಕ್ಕೆ ಪಿನ್ನು ಮಾಡಿ ಮೇಲ್ವಿಚಾರಕನಿಗೆ ಕೊಟ್ಟಳು. ಅವನು ಓದಿ ಬೆವರು ಒರೆಸಿಕೊಂಡ.

"ಅಕ್ಕ, ಹೊರಗಿನ ಫಲಕದಲ್ಲಿ ಏನಿದೆ ಓದಿದ್ದೀರಾ? ಶತ್ರುವಿನ ಗುಂಡಿಗೆ ಎಂಜಿನ್ ಕೆಟ್ಟಿತು ಅಂತಿದೆ. ಸತ್ತವರ ಮನೆಯವರು ಬರ್ತಾರೆ ಆ ದಿನ. ಪೈಪಲ್ಲಿ ಬಟ್ಟೆ ಇತ್ತು, ಅದಕ್ಕೇ ನಿಮ್ಮೋರು ಸತ್ರು ಅಂತ ನಾನು ಹೇಳಲಾ?"

"ವಿಚಾರಣೆ ಮಾಡಿದೋರು ಫಿಟ್ಟರ್ ಅಂತ ಬರೆದ್ರಲ್ಲ. ನೀವು ಫಲಕದಲ್ಲಿ ಗುಂಡು ಅಂತ ಬರೆದಿದ್ದೀರಿ. ಎರಡೂ ನೋಡದೇ ಬರೆದದ್ದು. ನಾನು ನೋಡಿ ಬರೆದಿದ್ದೀನಿ."

"ನಿಮ್ಮಪ್ಪನ ಹೆಸರೇ ಕೆಡುತ್ತೆ."

"ಕೆಟ್ಟು ಐವತ್ತು ವರ್ಷ ಆಯ್ತು, ಸರ್."

ಅವನು ಹಾಳೆಯನ್ನು ಕಡತದೊಳಗೆ ಇಟ್ಟ. ಹರಿದುಹಾಕಲಿಲ್ಲ. ಫಲಕವನ್ನೂ ಬದಲಿಸಲಿಲ್ಲ.

ಸಮಾರಂಭಕ್ಕೆ ಎರಡು ದಿನವಿರುವಾಗ ಡ್ರೈವರಜ್ಜ ಗೋದಾಮಿನ ಬಾಗಿಲಲ್ಲಿ ಕಾಣಿಸಿಕೊಂಡ. ಗಡ್ಡ ಬೆಳೆದಿತ್ತು. ಸ್ಟೂಲಿನ ಕಡೆ ನೋಡಲಿಲ್ಲ, ನೇರ ಗಾಡಿಯ ಬಳಿಗೇ ಬಂದು ಉಕ್ಕಿಗೆ ಅಂಗೈ ಒತ್ತಿದ.

"ಏರು ಹತ್ತಿಸು" ಎಂದ.

ಮ್ಯೂಸಿಯಮ್ಮಿನ ಹಿಂದೆ ಸಾಮಾನು ಇಳಿಸಲು ಕಟ್ಟಿದ ಇಳಿಜಾರು ಇತ್ತು. ಅವಳು ಡ್ರೈವರನ ಸೀಟಿನಲ್ಲಿ ಕೂತಳು. ಅವನು ಅವಳ ಹಿಂದೆ, ಗನ್ನರ್ ಕೂರುತ್ತಿದ್ದ ಜಾಗದಲ್ಲಿ ಮಂಡಿ ಮಡಚಿ ಕೂತ. ಒಳಗೆ ಪೆಟ್ರೋಲು, ಬಿಸಿ ಕಬ್ಬಿಣ, ಹಳೆಯ ರಬ್ಬರಿನ ವಾಸನೆ. ಗಾಡಿ ಇಳಿಜಾರಿಗೆ ಮೂತಿ ಎತ್ತಿದಾಗ ಅವನು ಅವಳ ಸೀಟಿನ ಬೆನ್ನನ್ನು ಹಿಡಿದುಕೊಂಡ. ಎಂಜಿನ್ ಕೆಮ್ಮಲಿಲ್ಲ. ಒಂದೇ ಎಳೆತಕ್ಕೆ ಮೇಲೆ ಹೋಗಿ ನಿಂತಿತು.

"ಆರಿಸು" ಎಂದ. ಆರಿಸಿದಳು. ಆ ಸದ್ದಿಲ್ಲದ ಉಕ್ಕಿನ ಡಬ್ಬಿಯಲ್ಲಿ ಅವನು ಗಟ್ಟಿಯಾಗಿ ಅತ್ತ. ಅವಳು ಹಿಂತಿರುಗಿ ನೋಡಲಿಲ್ಲ. ಮುಂದಿನ ಕಿಂಡಿಯಲ್ಲಿ ಕಾಣುವ ಗೋಡೆಯನ್ನು ನೋಡುತ್ತ ಕೂತಿದ್ದಳು. ಇಳಿಯುವಾಗ ಅವಳು ಕೈ ಕೊಟ್ಟಳು. ಹಿಡಿಯದೆ, ತಾನೇ ಇಳಿದು ಹೋದ.

ಸಮಾರಂಭದ ದಿನ ಗಾಡಿ ನಾಲ್ಕು ಮಾರಲ್ಲ, ಮ್ಯೂಸಿಯಮ್ಮಿನ ಅಂಗಳವನ್ನೇ ಒಂದು ಸುತ್ತು ಹಾಕಿತು. ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ಗನ್ನರನ ಅಕ್ಕ ಕೂತಿದ್ದಳು, ಎಂಬತ್ತರ ಹತ್ತಿರದವಳು. ಅವಳು ಚಪ್ಪಾಳೆ ತಟ್ಟಲಿಲ್ಲ. ಮುಗಿದ ಮೇಲೆ ಪಂಪಕ್ಕ ಅವಳ ಹತ್ತಿರ ಹೋಗಲು ಎರಡು ಹೆಜ್ಜೆ ಇಟ್ಟಳು, ಮೂರನೆಯದು ಇಡಲಾಗಲಿಲ್ಲ. ಸತ್ಯ ಹೇಳಿ ಒಬ್ಬ ಮುದುಕನನ್ನು ಏನು ಮಾಡಿದ್ದೇನೆಂದು ಕಣ್ಣಾರೆ ಕಂಡಿದ್ದಳು.

ಹದಿನೈದು ದಿನ ಕಳೆದು, ಒಂದು ಮಧ್ಯಾಹ್ನ, ಡ್ರೈವರಜ್ಜ ಅವಳ ಮನೆ ಹುಡುಕಿಕೊಂಡು ಬಂದ. ದರ್ಜಿ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೂರಿಸಿ, ಯಾರೆಂದು ತಿಳಿದ ಮೇಲೆ ಹಿಂದಿನ ಶೆಡ್ಡಿನಿಂದ ಹೆಂಡತಿಯನ್ನು ಕರೆದ. ಅಷ್ಟರಲ್ಲಿ ಮುದುಕಿ ಒಳಗಿನಿಂದ ಬಂದಳು. ಯಾರೆಂದು ಹೇಳದೆಯೇ ಅವಳಿಗೆ ತಿಳಿಯಿತು.

"ಆ ಬಟ್ಟೆ ನಾನು ಹೊಲಿದದ್ದು" ಎಂದಳು ಮುದುಕಿ. ಅವನನ್ನು ನೋಡಿ ಹೇಳಿದಳು, ಮಗಳನ್ನು ನೋಡಲಿಲ್ಲ. "ಇವಳ ಕುಲಾವಿ. ಚಿಕ್ಕದಾಯ್ತು ಅಂತ ಹರಿದು ಅವರ ಚಿಂದಿ ಡಬ್ಬಿಗೆ ಹಾಕಿದ್ದೆ. ಕೂಸು ಹಗಲೂ ರಾತ್ರಿ ಅಳ್ತಿತ್ತು. ಅವರಿಗೆ ನಿದ್ದೆ ಇರಲಿಲ್ಲ. ತೂಗಾಡ್ಕೊಂಡು ಕೆಲಸಕ್ಕೆ ಹೋಗ್ತಿದ್ರು."

ಡ್ರೈವರಜ್ಜ ತಲೆಯಾಡಿಸಿದ. "ನಾನು ಕ್ಷಮಿಸೋಕೆ ಬಂದಿಲ್ಲಮ್ಮ. ಕ್ಷಮಿಸಬೇಕಾದೋರು ಇಬ್ಬರೂ ಸೇತುವೆ ಮೇಲೇ ಉಳಿದ್ರು. ಆ ಮನುಷ್ಯ ಆಮೇಲೆ ಹೇಗೆ ಬದುಕಿದ ಅಂತ ಕೇಳೋಣ ಅಂತ ಬಂದೆ. ನನ್ನ ಥರ ಇನ್ನೊಬ್ಬ ಈ ಊರಲ್ಲೇ ಇದ್ದ, ನನಗೆ ಗೊತ್ತೇ ಇರಲಿಲ್ಲ."

ಮುದುಕಿ ಗೋಡೆಗೆ ಒರಗಿ ನಿಧಾನಕ್ಕೆ ಕೆಳಗೆ ಕೂತಳು. ಗಂಡ ಊಟ ಮಾಡುವಾಗ ತುತ್ತು ಕೈಯಲ್ಲೇ ಮರೆತು ಕೂರುತ್ತಿದ್ದುದನ್ನು ಹೇಳಿದಳು. ಮುಗಿಸಿದ ರಿಪೇರಿಯನ್ನು ಗಿರಾಕಿ ಬರುವ ಮೊದಲು ಎರಡು ಸಲ ಬಿಚ್ಚಿ ನೋಡುತ್ತಿದ್ದುದನ್ನು, ಸೇತುವೆ ದಾಟಬೇಕಾದರೆ ಬಸ್ಸಿನಿಂದ ಇಳಿದು ನಡೆಯುತ್ತಿದ್ದುದನ್ನು, ಕೊನೆಯ ವರ್ಷ ಉಸಿರಿಗೆ ಒದ್ದಾಡುತ್ತಿದ್ದುದನ್ನು ಹೇಳಿದಳು. ಇದೆಲ್ಲ ಅಮ್ಮನ ಬಾಯಿಂದ ಪಂಪಕ್ಕನೂ ಮೊದಲ ಸಲ ಕೇಳುತ್ತಿದ್ದಳು. ಎತ್ತು ಎಮ್ಮೆಯ ಮಾತು ಎಲ್ಲೂ ಬರಲಿಲ್ಲ. ಹೇಳಿ ಹೇಳಿ ಮುದುಕಿಯ ದನಿ ಬತ್ತಿಹೋಯಿತು.

ಡ್ರೈವರಜ್ಜ ಕೊನೆಯವರೆಗೂ ಕೇಳಿದ. ಲೋಟದ ನೀರು ಕುಡಿದು ಎದ್ದ. ಹೊಸ್ತಿಲಲ್ಲಿ ಪಂಪಕ್ಕನ ಕಡೆ ತಿರುಗಿ, "ನೀನು ಹೇಳಬಾರದಿತ್ತು ಅಂತ ಎಷ್ಟೋ ಸಲ ಅಂದುಕೊಂಡೆ. ಹೇಳದೇ ಇದ್ದಿದ್ರೂ ಬೈತಿದ್ದೆ" ಎಂದ. ಮೆಟ್ಟಿಲು ಎತ್ತರವಿತ್ತು. ದರ್ಜಿ ಅವನ ತೋಳು ಹಿಡಿದು ಇಳಿಸಿ, ರಸ್ತೆಯ ತಿರುವಿನವರೆಗೂ ಜೊತೆಗೆ ನಡೆದುಕೊಂಡು ಹೋದ.